ಶೇ 90 ಸಬ್ಸಿಡಿಯ ಹನಿ ನೀರಾವರಿ: 7 ವರ್ಷ ಬಳಸಿದ ಮೇಲಿನ ಮಾತು

ಕೋಲಾರ ತಾಲ್ಲೂಕಿನ ವೇಮಗಲ್ ಕಡೆ ನಮ್ಮದು ಎರಡೂವರೆ ಎಕರೆ. ಅರ್ಧದಷ್ಟು ಹಿಪ್ಪುನೇರಳೆ, ಉಳಿದದ್ದರಲ್ಲಿ ಟೊಮೆಟೊ, ಬೀನ್ಸ್, ಹೀರೆಕಾಯಿ ಒಂದಾದ ಮೇಲೊಂದು. ಸಬ್ಸಿಡಿಯಲ್ಲಿ ಡ್ರಿಪ್ ಹಾಕಿಸಿದ್ದು 2018ರಲ್ಲಿ. ಒಂದು ಸಲ ಸಬ್ಸಿಡಿ ಪಡೆದ ಜಮೀನಿಗೆ ಮತ್ತೆ ಅರ್ಜಿ ಹಾಕಬೇಕಾದರೆ 7 ವರ್ಷ ಆಗಿರಬೇಕು. ನಮಗೆ ಆ ಗಡುವು ಮುಗಿದಿದೆ. ಊರಲ್ಲಿ ಹೊಸದಾಗಿ ಹಾಕಿಸುವವರು, ಎರಡನೇ ಸಲ ಹಾಕಿಸುವವರು ಬಂದು ಕೇಳುತ್ತಲೇ ಇರುತ್ತಾರೆ. ಅವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಂಕ ಕೇಳುವವರಿಗೆ ಮೊದಲೇ ಕೊಟ್ಟುಬಿಡುತ್ತೇನೆ. ಹನಿ ನೀರಾವರಿ ಅನ್ನುವ ಪದ್ಧತಿಗೆ 5ಕ್ಕೆ 5. ನಮಗೆ ಬಂದ ಸಾಮಾನಿಗೆ 3. ಸಬ್ಸಿಡಿ ಸಿಗುವ ದಾರಿಗೆ 3. ಹಾಕಿ ಹೋದ ಮೇಲಿನ ಸರ್ವೀಸಿಗೆ 1.

ಡ್ರಿಪ್‌ಗೆ ಮುಂಚೆ ನಮ್ಮ ಹೊಲ ಹೇಗಿತ್ತು ಅನ್ನುವುದನ್ನು ಹೇಳದಿದ್ದರೆ ಆ 5 ಅಂಕದ ಬೆಲೆ ತಿಳಿಯುವುದಿಲ್ಲ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಕೆರೆ ತುಂಬಿದರೆ ಉಂಟು, ಇಲ್ಲದಿದ್ದರೆ ಬೋರ್‌ವೆಲ್ಲೇ ಗತಿ. ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಅಷ್ಟು ಆಳದಿಂದ ಬಂದ ನೀರು ಮಣ್ಣಿನ ಕಾಲುವೆಗೆ ಬಿದ್ದರೆ ಕಾಲುವೆಯೇ ಅರ್ಧ ಕುಡಿಯುತ್ತಿತ್ತು. ಸಾಲಿನ ತಲೆಯಲ್ಲಿದ್ದ ಗಿಡಕ್ಕೆ ಜಾಸ್ತಿ, ಬಾಲದಲ್ಲಿದ್ದ ಗಿಡಕ್ಕೆ ಏನೂ ಇಲ್ಲ. ತ್ರೀ ಫೇಸ್ ಕರೆಂಟು ಕೊಡುವುದೇ ದಿನಕ್ಕೆ 7 ಗಂಟೆ, ಅದೂ ಸರದಿಯ ಮೇಲೆ. ರಾತ್ರಿ ಪಾಳಿ ಬಂದರೆ ಟಾರ್ಚು ಹಿಡಿದು, ಗುದ್ದಲಿ ಹೊತ್ತು, ಸಾಲಿಂದ ಸಾಲಿಗೆ ನೀರು ತಿರುವಬೇಕಿತ್ತು. ನಮ್ಮ ಯಜಮಾನರು ಮಾರ್ಕೆಟ್ಟಿಗೆ ಹೋದ ರಾತ್ರಿ ಆ ಕೆಲಸ ನನ್ನದು, ಅತ್ತೆಯದು. ಹಾವು ಹುಳದ ಭಯದಲ್ಲಿ ಕೆಸರೊಳಗೆ ನಿಂತವರಿಗೆ ಗೊತ್ತು ಅದೇನು ಅಂತ. ಡ್ರಿಪ್ ಬಂದ ಮೇಲೆ ಆ ಕೆಲಸ ನಿಂತೇ ಹೋಯಿತು. ಗೇಟ್‌ವಾಲ್ವ್ ತಿರುಗಿಸಿಟ್ಟು ಬಂದರೆ ಆಯಿತು. ನೀರು ಉಳಿತಾಯದ ಮಾತು ಎಲ್ಲರೂ ಆಡುತ್ತಾರೆ, ಹೆಂಗಸರ ನಿದ್ದೆ ಉಳಿದದ್ದನ್ನು ಯಾವ ಕರಪತ್ರದಲ್ಲೂ ನಾನು ಓದಿಲ್ಲ. ನನ್ನನ್ನು ಕೇಳಿದರೆ ಮೊದಲ ಲಾಭ ಅದೇ.

ಎರಡನೆಯದು ಕಳೆ. ಗಿಡದ ಬುಡ ಮಾತ್ರ ನೆನೆಯುವುದರಿಂದ ಸಾಲಿನ ನಡುವೆ ಹುಲ್ಲು ಕಡಿಮೆ. ಟೊಮೆಟೊಗೆ ಮಲ್ಚಿಂಗ್ ಶೀಟ್ ಹಾಸಿ ಅದರಡಿ ಲ್ಯಾಟರಲ್ (ಸಾಲಿನುದ್ದಕ್ಕೂ ಹೋಗುವ ಡ್ರಿಪ್ ಪೈಪು) ಎಳೆದರೆ ಕಳೆಗೆ ಆಳು ಕರೆಯುವ ಮಾತೇ ಇಲ್ಲ ಅನ್ನುವಷ್ಟು. ಗೊಬ್ಬರವೂ ವೆಂಚುರಿಯಲ್ಲಿ (ಪೈಪಿನ ನೀರಿಗೆ ಗೊಬ್ಬರ ಎಳೆದು ಸೇರಿಸುವ ಸಾಧನ) ನೇರ ಬೇರಿಗೆ ಹೋಗುತ್ತದೆ.

ಸಬ್ಸಿಡಿ ವಿಷಯಕ್ಕೆ ಬರುತ್ತೇನೆ. ಪ್ರಧಾನ ಮಂತ್ರಿ ಕೃಷಿ ಸಿಂಚಾಯಿ ಯೋಜನೆ ಶುರುವಾದದ್ದು 2015ರಲ್ಲಿ. ಅದರ ‘ಪ್ರತಿ ಹನಿ, ಅಧಿಕ ಬೆಳೆ’ ಭಾಗದ ಪ್ರಕಾರ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಶೇ 55, ಉಳಿದವರಿಗೆ ಶೇ 45 ಸಹಾಯಧನ. ಅದರ ಮೇಲೆ ನಮ್ಮ ರಾಜ್ಯ ಸರ್ಕಾರ ತನ್ನ ದುಡ್ಡು ಸೇರಿಸಿ 2 ಹೆಕ್ಟೇರ್‌ವರೆಗೆ ಶೇ 90 ಮಾಡಿತು. ನಮ್ಮಂಥವರು ಡ್ರಿಪ್ ಹಾಕಿಸಿದ್ದು ಆ 90ರ ಬಲದಿಂದಲೇ, ಅದನ್ನು ಎಷ್ಟು ಸಲ ಹೇಳಿದರೂ ಕಡಿಮೆ. 55 ಆಗಿದ್ದರೆ ನಾವು ಇವತ್ತಿಗೂ ಗುದ್ದಲಿ ಹಿಡಿದೇ ಇರುತ್ತಿದ್ದೆವು. ಸಾಲ ಮಾಡಿ ಬೋರ್ ಕೊರೆಸಿದ ಮನೆಯಲ್ಲಿ ಮತ್ತೆ ಅರ್ಧ ಖರ್ಚು ಹಾಕುವ ಶಕ್ತಿ ಉಳಿದಿರುವುದಿಲ್ಲ.

ಆದರೆ ಶೇ 90 ಅಂದರೆ ನಿಮ್ಮ ಖರ್ಚಿನ ಶೇ 90 ಅಲ್ಲ. ಇಷ್ಟು ಅಡಿ ಸಾಲಿನ ಅಂತರಕ್ಕೆ ಹೆಕ್ಟೇರಿಗೆ ಇಷ್ಟು ಎಂದು ಸರ್ಕಾರವೇ ಘಟಕ ವೆಚ್ಚ ಕಟ್ಟಿಟ್ಟಿದೆ, ಅದರ ಶೇ 90. ಮೇನ್ ಲೈನ್ ಹೂಳಲು ಜೆಸಿಬಿ, ಬೋರಿನಿಂದ ಹೊಲಕ್ಕೆ ದೂರ ಜಾಸ್ತಿ ಇದ್ದರೆ ಹೆಚ್ಚುವರಿ ಪೈಪು, ಫಿಲ್ಟರ್ ಕೂರಿಸಲು ಕಟ್ಟೆ, ಆಳಿನ ಕೂಲಿ, ಇವೆಲ್ಲ ನಮ್ಮ ತಲೆಯ ಮೇಲೆ. ನಾವು ಹಾಕಿಸುವಾಗ ಡ್ರಿಪ್ ಸಾಮಾನಿಗೆ ಜಿಎಸ್‌ಟಿ ಶೇ 12 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 5ಕ್ಕೆ ಇಳಿದಿದೆ. ಕೊಟೇಶನ್ ಬಂದಾಗ ಹಳೇ ದರ ಹಾಕಿದ್ದಾರಾ ಅಂತ ನೋಡಿಕೊಳ್ಳಿ.

ಇನ್ನೊಂದು ಸಂಗತಿ. ರೈತ ಒಪ್ಪಿಗೆ ಪತ್ರ ಕೊಟ್ಟರೆ ಸಹಾಯಧನ ನೇರವಾಗಿ ಕಂಪನಿಗೇ ಹೋಗುತ್ತದೆ. ಕೈಯಲ್ಲಿ ಪೂರ್ತಿ ದುಡ್ಡು ಇಲ್ಲದ ನಮಗೆ ಇದು ದೊಡ್ಡ ಅನುಕೂಲ. ಆದರೆ ದುಡ್ಡು ಕೊಡುವವರು ಯಾರೋ ಅವರೇ ಅಂಗಡಿಯವನಿಗೆ ಗಿರಾಕಿ. ನಮ್ಮ ಹೊಲಕ್ಕೆ ಸಾಮಾನು ತಂದ ಡೀಲರ್ ಹಾಗೇ ನಡೆದುಕೊಂಡರು. ಇಲಾಖೆಯವರು ಬಂದು, ಫಿಲ್ಟರಿನ ಪಕ್ಕ ನಮ್ಮನ್ನು ನಿಲ್ಲಿಸಿ, ಜಿಪಿಎಸ್ ಫೋಟೊ ತೆಗೆದುಕೊಂಡು ಹೋಗುವ ತನಕ ದಿನಾ ಫೋನು. ಫೋಟೊ ಆದ ಮೇಲೆ ನಾವು ಮಾಡಿದ ಫೋನು ಎತ್ತಿದ್ದೇ ಕಡಿಮೆ. ಒಂದು ಸಬ್‌ಮೇನ್ (ಮೇನ್ ಲೈನಿನಿಂದ ಲ್ಯಾಟರಲ್‌ಗಳಿಗೆ ನೀರು ಹಂಚುವ ಪೈಪು) ಕೀಲು ಬಿಟ್ಟು ನೀರು ಚಿಮ್ಮುತ್ತಿದೆ ಅಂತ ಹೇಳಿದರೆ, ‘ಅಮ್ಮಾ, ಹುಡುಗ ಬರ್ತಾನೆ’ ಅಂದರು. ಹುಡುಗ ಬರಲಿಲ್ಲ. ಊರಿನ ಮೋಟಾರು ಮೆಕ್ಯಾನಿಕ್ಕೇ ಸಲ್ಯೂಶನ್ ಹಚ್ಚಿ ಕೂರಿಸಿಕೊಟ್ಟ. ಮಾರಾಟದ ನಂತರ ಸೇವೆ ಕೊಡಬೇಕು ಅನ್ನುವ ಷರತ್ತು ಕಾಗದದಲ್ಲಿ ಇದೆ. ಅದನ್ನು ಯಾರಾದರೂ ಎರಡನೇ ವರ್ಷ ಬಂದು ನೋಡಿದರೆ ಮಾತ್ರ ಅದಕ್ಕೆ ಬೆಲೆ.

ನನ್ನ ಮುಖ್ಯ ತಕರಾರು ಇಲ್ಲಿದೆ. ಸರ್ಕಾರದ ದುಡ್ಡು ಪೈಪ್ ಹಾಕಿದ ದಿನಕ್ಕೆ ಸಿಗುತ್ತದೆ, ಪೈಪಲ್ಲಿ ನೀರು ಸರಿಯಾಗಿ ಓಡಿದ ವರ್ಷಗಳಿಗೆ ಸಿಗುವುದಿಲ್ಲ. ಕಂಪನಿಗೆ ಸಲ್ಲುವ ಹಣದಲ್ಲಿ ಸಣ್ಣ ಪಾಲೊಂದನ್ನು ತಡೆಹಿಡಿದು, ಮೂರನೇ ವರ್ಷ ಅದೇ ಹೊಲಕ್ಕೆ ಬಂದು, ಕೊನೇ ಸಾಲಿನ ಕೊನೇ ಡ್ರಿಪ್ಪರಿನಲ್ಲಿ ನೀರು ಬೀಳುತ್ತಿದೆಯೇ ಎಂದು ನೋಡಿ ಬಿಡುಗಡೆ ಮಾಡಲಿ. ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ.

ಸಾಮಾನು ಹೇಗಿತ್ತು ಎಂದರೆ, ಲ್ಯಾಟರಲ್ ಐಎಸ್‌ಐ ಗುರುತಿನದೇ, ಐಎಸ್ 13488 ಎಂದು ಪೈಪಿನ ಮೇಲೇ ಅಚ್ಚಾಗಿತ್ತು. ಹಿಪ್ಪುನೇರಳೆಯಲ್ಲಿ ಅದೇ ಪೈಪು ಇವತ್ತಿಗೂ ಇದೆ. ತರಕಾರಿ ಕಡೆಯದು ನಾಲ್ಕೈದು ವರ್ಷಕ್ಕೇ ಸುಸ್ತಾಯಿತು. ಪ್ರತಿ ಬೆಳೆ ಮುಗಿದಾಗ ಸುತ್ತಿ ಎತ್ತಿಡಬೇಕು, ರೋಟವೇಟರ್ ಹೊಡೆಸಬೇಕು, ಮತ್ತೆ ಎಳೆಯಬೇಕು. ಸುತ್ತುವಾಗ ಮಡಿಕೆ ಬಿದ್ದಲ್ಲಿ ಸೀಳುತ್ತದೆ. ಇಲಿ, ಅಳಿಲು ಬೇಸಿಗೆಯಲ್ಲಿ ನೀರಿಗಾಗಿ ಕಡಿಯುತ್ತವೆ. ಸಾಲಿನ ತುದಿಯಲ್ಲಿ ಅಲ್ಲಲ್ಲಿ ತೆಂಗಿನ ಚಿಪ್ಪಿನಲ್ಲಿ ನೀರಿಟ್ಟ ಮೇಲೆ ನಮ್ಮಲ್ಲಿ ಕಡಿತ ಕಡಿಮೆಯಾಯಿತು. ಜಾಯಿನರ್, ಗ್ರೋಮೆಟ್, ಎಂಡ್ ಕ್ಯಾಪ್ ಮನೆಯಲ್ಲಿ ಒಂದು ಡಬ್ಬಿಯಲ್ಲಿ ಯಾವಾಗಲೂ ಇರಲಿ. ಕೋಲಾರಕ್ಕೆ ಹೋಗಿ ತರುವ ಹೊತ್ತಿಗೆ ಬೆಳೆ ಬಾಡುತ್ತದೆ.

ಈಗ ಡಿಸೈನ್. ಹೊಸದಾಗಿ ಹಾಕಿಸುವವರು ಈ ಭಾಗವನ್ನು ಎರಡು ಸಲ ಓದಬೇಕು. ಡೀಲರ್ ತಂದ ಮೊದಲ ನಕ್ಷೆಯಲ್ಲಿ ಟೊಮೆಟೊ ಭಾಗಕ್ಕೆ 4 ಅಡಿ ಸಾಲು, 40 ಸೆಂಟಿಮೀಟರಿಗೊಂದು ಡ್ರಿಪ್ಪರ್, ಒಂದೊಂದೂ ಗಂಟೆಗೆ 4 ಲೀಟರ್ ಎಂದಿತ್ತು. ನಮ್ಮ ಮೈದುನ ಲೆಕ್ಕದ ಮೇಷ್ಟ್ರು. ಅವರು ಕೂತು ಲೆಕ್ಕ ಹಾಕಿದರು. ಒಂದು ಎಕರೆಗೆ 43,560 ಚದರ ಅಡಿ. 4 ಅಡಿಗೊಂದು ಸಾಲಾದರೆ ಲ್ಯಾಟರಲ್ ಉದ್ದ 10,890 ಅಡಿ, ಅಂದರೆ ಸುಮಾರು 3,300 ಮೀಟರ್. ಅದರಲ್ಲಿ ಡ್ರಿಪ್ಪರ್ ಸುಮಾರು 8,300. ಎಲ್ಲ ಒಟ್ಟಿಗೆ ಓಡಬೇಕಾದರೆ ಗಂಟೆಗೆ 33,000 ಲೀಟರಿಗೂ ಮೇಲೆ ನೀರು ಬೇಕು. ನಮ್ಮ ಬೋರ್ ಎಷ್ಟು ಕೊಡುತ್ತದೆ? 200 ಲೀಟರಿನ ಡ್ರಮ್ ಇಟ್ಟು ನೋಡಿದರೆ ತುಂಬಲು ಒಂದೂವರೆ ನಿಮಿಷ, ಅಂದರೆ ಗಂಟೆಗೆ 8,000 ಲೀಟರ್. ನಾಲ್ಕರಲ್ಲಿ ಒಂದು ಪಾಲು! ಆ ನಕ್ಷೆಯಂತೆ ಹಾಕಿದ್ದರೆ ಮೊದಲ ಸಾಲುಗಳಲ್ಲಿ ತೊಟ್ಟಿಕ್ಕಿ, ಕೊನೇ ಸಾಲುಗಳಲ್ಲಿ ಒಣ ಮಣ್ಣು ಇರುತ್ತಿತ್ತು. ಆಮೇಲೆ ‘ಡ್ರಿಪ್ ಸರಿ ಇಲ್ಲ’ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆವು.

ಗಂಟೆಗೆ 2 ಲೀಟರಿನ ಡ್ರಿಪ್ಪರ್ ಬೇಕೆಂದು ಹಟ ಹಿಡಿದೆವು. ಆಗ ಎಕರೆಗೆ 16,600 ಲೀಟರ್. ಅದನ್ನೂ ಎರಡು ಭಾಗ ಮಾಡಿ ಎರಡು ವಾಲ್ವ್. ಒಂದೊಂದು ಭಾಗಕ್ಕೆ ಒಂದು ಗಂಟೆ ಬಿಟ್ಟರೆ ಟೊಮೆಟೊಗೆ ಸಾಧಾರಣ ದಿನಕ್ಕೆ ಸಾಕು, ಕಾಯಿ ಹಿಡಿದ ಮೇಲೆ ಬಿಸಿಲು ನೋಡಿಕೊಂಡು ಇನ್ನಷ್ಟು. ಹಿಪ್ಪುನೇರಳೆಗೆ ಜೋಡಿ ಸಾಲು ಪದ್ಧತಿ. 3 ಅಡಿ ಅಂತರದ ಎರಡು ಸಾಲು, ಆಮೇಲೆ 5 ಅಡಿ ಖಾಲಿ, ಎರಡು ಸಾಲಿಗೂ ನಡುವೆ ಒಂದೇ ಲ್ಯಾಟರಲ್. ಎಕರೆಗೆ 1,660 ಮೀಟರ್ ಪೈಪಲ್ಲಿ ಮುಗಿಯಿತು, ನಡುವೆ ಪವರ್ ಟಿಲ್ಲರ್ ಓಡಾಡಲು ಜಾಗವೂ ಆಯಿತು. ಅಂತರ ಹತ್ತಿರವಾದಷ್ಟೂ ಪೈಪು ಜಾಸ್ತಿ, ಬಿಲ್ಲು ಜಾಸ್ತಿ, ಸಬ್ಸಿಡಿಯೂ ಜಾಸ್ತಿ. ಕೊಟೇಶನ್ ಮಾಡುವವರು ಯಾವ ಕಡೆ ವಾಲುತ್ತಾರೆ ಅನ್ನುವುದನ್ನು ನೀವೇ ಯೋಚಿಸಿ. ಡ್ರಮ್ ಪರೀಕ್ಷೆಯನ್ನು ಏಪ್ರಿಲ್, ಮೇ ತಿಂಗಳಲ್ಲಿ ಮಾಡಿ. ಮಳೆಗಾಲದ ನೀರು ನಂಬಿ ಡಿಸೈನ್ ಮಾಡಿಸಿದರೆ ಬೇಸಿಗೆಯಲ್ಲಿ ಕೈ ಕೊಡುತ್ತದೆ.

ನಮ್ಮ ಕಡೆ ಡ್ರಿಪ್ಪನ್ನು ಸಾಯಿಸುವುದು ಉಪ್ಪು. ಆಳದ ಬೋರ್‌ವೆಲ್ ನೀರು ಗಡಸು, ಪಾತ್ರೆ ತಳದಲ್ಲಿ ಬಿಳಿ ಪರೆ ಕಟ್ಟುವ ಹಾಗೇ ಡ್ರಿಪ್ಪರಿನ ಒಳಗೂ ಕಟ್ಟುತ್ತದೆ. ಎರಡನೇ ಬೇಸಿಗೆಗೇ ಅಲ್ಲಲ್ಲಿ ಗಿಡ ಬಾಡಲು ಶುರುವಾಯಿತು. ಪೈಪು ಕೊಯ್ದು ನೋಡಿದರೆ ಒಳಗೆಲ್ಲ ಸುಣ್ಣ. ಆಸಿಡ್ ಟ್ರೀಟ್‌ಮೆಂಟ್ ಹೇಗೆ ಮಾಡಬೇಕೆಂದು ಕಲಿಸಿಕೊಟ್ಟವರು ಪಕ್ಕದೂರಿನ ದ್ರಾಕ್ಷಿ ತೋಟದ ರೈತರು. ವೆಂಚುರಿಯಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಬಿಟ್ಟು, ಕೊನೇ ಡ್ರಿಪ್ಪರಿನ ನೀರಿಗೆ ಪಿಎಚ್ ಕಾಗದ ಅದ್ದಿದಾಗ 4ರ ಆಸುಪಾಸು ತೋರಿಸಿದ ಮೇಲೆ ಮೋಟಾರು ನಿಲ್ಲಿಸಬೇಕು. ಒಂದು ದಿನ ಹಾಗೇ ಬಿಡಬೇಕು. ಮಾರನೇ ದಿನ ಫ್ಲಶ್ ವಾಲ್ವ್, ಎಂಡ್ ಕ್ಯಾಪ್ ಎಲ್ಲ ಬಿಚ್ಚಿ ಶುದ್ಧ ನೀರು ಜೋರಾಗಿ ಹಾಯಿಸಬೇಕು. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಇಲ್ಲದೆ ಮುಟ್ಟಬೇಡಿ. ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್‌ಗೆ ನೀರು ಸುರಿಯಬಾರದು. ಪಾಚಿ, ಲೋಳೆ ಇದ್ದರೆ ಬ್ಲೀಚಿಂಗ್ ಪೌಡರ್ ತಿಳಿ ಬಿಡುತ್ತಾರೆ, ಆದರೆ ಆಸಿಡ್ ಜೊತೆಗೆ ಅದನ್ನು ಎಂದೂ ಸೇರಿಸಬಾರದು, ವಿಷದ ಗಾಳಿ ಏಳುತ್ತದೆ.

ಗೊಬ್ಬರದಲ್ಲೂ ಇಂಥದ್ದೇ ಎಚ್ಚರ ಬೇಕು. ಕ್ಯಾಲ್ಸಿಯಂ ನೈಟ್ರೇಟ್ ಬಿಡುವ ದಿನ 12:61:0 ಅನ್ನುವ ರಂಜಕದ ಗೊಬ್ಬರ ಬಿಡಬೇಡಿ, ಎರಡೂ ಸೇರಿದರೆ ಗಸಿ ಕಟ್ಟಿ ಡ್ರಿಪ್ಪರ್ ಮುಚ್ಚುತ್ತದೆ. ಜೀವಾಮೃತ ಬಿಡುವವರು ಬಟ್ಟೆಯಲ್ಲಿ ಎರಡು ಸಲ ಸೋಸಿ. ಫಿಲ್ಟರಿನ ಎರಡೂ ಕಡೆ ಪ್ರೆಶರ್ ಗೇಜ್ ಇದ್ದು, ನಡುವಿನ ಒತ್ತಡದ ವ್ಯತ್ಯಾಸ ಚದರ ಸೆಂಟಿಮೀಟರಿಗೆ ಅರ್ಧ ಕೆಜಿ ದಾಟಿದರೆ ಬಿಚ್ಚಿ ತೊಳೆಯಬೇಕು. ನಮಗೆ ಕೊಟ್ಟದ್ದರಲ್ಲಿ ಗೇಜ್ ಒಂದೇ ಇತ್ತು, ಇನ್ನೊಂದನ್ನು ನಾವೇ ತಂದು ಕೂರಿಸಿದೆವು. ಇದೇನೂ ಕಷ್ಟದ ವಿದ್ಯೆಯಲ್ಲ. ಅರ್ಧ ದಿನ ಹೊಲದಲ್ಲಿ ನಿಂತು ತೋರಿಸಿದರೆ ಯಾರು ಬೇಕಾದರೂ ಕಲಿಯುತ್ತಾರೆ. ಹೆಂಗಸರನ್ನೂ ಕರೆದು ತೋರಿಸಿ, ಏಕೆಂದರೆ ದಿನಾ ಫಿಲ್ಟರ್ ತೊಳೆಯುವವರು ನಾವೇ.

ಕಾಗದಪತ್ರದ ಬಗ್ಗೆ ಕೆಲವು ಮಾತು. ನಮ್ಮ ಪಹಣಿ ಮಾವನವರ ಹೆಸರಿನಲ್ಲಿತ್ತು, ಅವರು ತೀರಿಕೊಂಡಿದ್ದರು. ಪೌತಿ ಖಾತೆ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬದಲಾಗುವುದು) ಆಗದೆ ಅರ್ಜಿ ಮುಟ್ಟುವ ಹಾಗಿಲ್ಲ. ಅದಕ್ಕೇ ಒಂದು ವರ್ಷದ ಹತ್ತಿರ ಹಿಡಿಯಿತು. ಈಗ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ (ರೈತನ ಗುರುತಿನ ಸಂಖ್ಯೆ) ಇದ್ದರೆ ಕೆಲಸ ಬೇಗ ಆಗುತ್ತದೆ, ಆದರೆ ಎಫ್‌ಐಡಿ ಆಗಬೇಕಾದರೂ ಪಹಣಿ ಸರಿ ಇರಬೇಕು. ಅಣ್ಣತಮ್ಮಂದಿರ ಜಂಟಿ ಖಾತೆ ಇದ್ದರೆ ಉಳಿದವರ ಒಪ್ಪಿಗೆ ಬೇಕು. ಸಣ್ಣ ಹಿಡುವಳಿ ಎಂದರೆ ಬಹುಪಾಲು ಜಂಟಿ ಖಾತೆಯೇ. ಇನ್ನು ಬೆಳೆಗೊಂದು ಇಲಾಖೆ. ತರಕಾರಿ, ಹಣ್ಣಿಗೆ ತೋಟಗಾರಿಕೆ, ಹಿಪ್ಪುನೇರಳೆಗೆ ರೇಷ್ಮೆ, ಜೋಳ ಕಬ್ಬಿಗೆ ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರ. ಒಂದೇ ಬೋರಿನ ಕೆಳಗೆ ಎರಡು ಬೆಳೆ ಇದ್ದ ನಾವು ಎರಡು ಕಚೇರಿ ಹತ್ತಿಳಿದೆವು. ಗಡಿಯಾಚೆ ಆಂಧ್ರದಲ್ಲಿ 2003ರಿಂದಲೇ ಕಿರು ನೀರಾವರಿಗೆಂದೇ ಪ್ರತ್ಯೇಕ ಯೋಜನೆ ಮಾಡಿದ್ದಾರೆ, ಗುಜರಾತಿನಲ್ಲಿ 2005ರಲ್ಲಿ ಅದಕ್ಕೆಂದೇ ಕಂಪನಿ ಕಟ್ಟಿದ್ದಾರೆ. ನಮ್ಮಲ್ಲೂ ಒಂದೇ ಕಿಟಕಿ ಮಾಡಬಾರದೇಕೆ? ಕಚೇರಿಯವರು ಕೆಟ್ಟವರು ಅಂತ ಹೇಳುತ್ತಿಲ್ಲ, ನಮ್ಮ ಅರ್ಜಿ ನೋಡಿದವರು ಮರ್ಯಾದೆಯಿಂದಲೇ ಮಾತಾಡಿಸಿದರು.

ಈ ಸಬ್ಸಿಡಿ ಯಾರಿಗೆ ಮುಟ್ಟುತ್ತಿಲ್ಲ ಅನ್ನುವುದು ನನಗೆ ನೋವಿನ ವಿಷಯ. ಅರ್ಜಿಯ ಜೊತೆ ನೀರಿನ ಮೂಲ ತೋರಿಸಬೇಕು. ಬೋರ್ ಇದ್ದವರಿಗೆ ಡ್ರಿಪ್. ಕೊರೆಸಲು ಆಗದವರು, ಕೊರೆಸಿ ನೀರು ಸಿಗದೆ ಸಾಲದಲ್ಲಿ ಬಿದ್ದವರು ಈ ಸಾಲಿನಲ್ಲೇ ಇಲ್ಲ. ಸರ್ಕಾರದ ಗಂಗಾ ಕಲ್ಯಾಣ ಯೋಜನೆಯಲ್ಲಿ ಬೋರ್, ಮೋಟಾರು, ಕರೆಂಟು ಸಿಗುತ್ತದೆ. ಅದರ ಜೊತೆಗೇ ಡ್ರಿಪ್ಪೂ ಒಂದೇ ಅರ್ಜಿಯಲ್ಲಿ ಬಂದರೆ ಬಡವನ ಬೋರಿನ ನೀರು ಮೊದಲ ದಿನದಿಂದಲೇ ಕಾಲುವೆಗೆ ಬೀಳುವುದು ತಪ್ಪುತ್ತದೆ. ಗುತ್ತಿಗೆಗೆ ಮಾಡುವವರ ಕಥೆಯೂ ಅದೇ. ನಮ್ಮ ಭಾಗದಲ್ಲಿ ಟೊಮೆಟೊ ಬೆಳೆಯುವವರಲ್ಲಿ ಎಷ್ಟೋ ಜನ ಬಾಯಿಮಾತಿನ ಗುತ್ತಿಗೆಯವರು. ಪಹಣಿ ಇನ್ನೊಬ್ಬರ ಹೆಸರಿನಲ್ಲಿರುತ್ತದೆ, ಹಾಗಾಗಿ ಅವರು ಡ್ರಿಪ್ಪನ್ನು ಪೂರ್ತಿ ಕೈ ದುಡ್ಡಿನಲ್ಲಿ ಕೊಳ್ಳುತ್ತಾರೆ, ತೆಳ್ಳನೆಯ ಅಗ್ಗದ ಪೈಪು ತಂದು ಎರಡು ಬೆಳೆಗೆ ಬಿಸಾಕುತ್ತಾರೆ. ಬೋರ್ ಇಲ್ಲದವರಿಗೆ ನಾನು ಹೇಳುವುದು ಕೃಷಿ ಹೊಂಡ. 2014ರಲ್ಲಿ ಬಂದ ರಾಜ್ಯ ಸರ್ಕಾರದ ಕೃಷಿಭಾಗ್ಯ ಯೋಜನೆಯಲ್ಲಿ ನಮ್ಮೂರಲ್ಲೂ ಹೊಂಡಗಳಾದವು. ಟಾರ್ಪಾಲು ಹಾಸಿದ ಹೊಂಡದ ನೀರಿಗೆ ಸಣ್ಣ ಪಂಪಿಟ್ಟು ಡ್ರಿಪ್ ಜೋಡಿಸಿ ಒಂದು ಬೀನ್ಸ್ ಬೆಳೆ ತೆಗೆದವರಿದ್ದಾರೆ. ಹೊಂಡದ ನೀರಿಗೆ ಪಾಚಿ ಜಾಸ್ತಿ, ಜಾಲರಿ ಫಿಲ್ಟರ್ ಸಾಲದು, ಮರಳಿನ ಫಿಲ್ಟರ್ ಕೇಳಿ.

ನೀರು ಉಳಿಯಿತೇ ಎಂದು ಕೇಳುತ್ತೀರಿ. ನಮ್ಮ ಹೊಲದಲ್ಲಿ ಗಿಡದ ಲೆಕ್ಕಕ್ಕೆ ಉಳಿಯಿತು. ಭೂಮಿಯೊಳಗೆ ಉಳಿಯಲಿಲ್ಲ. ಮುಂಚೆ ಒಂದು ಎಕರೆಗೂ ಸಾಲದಿದ್ದ ನೀರಿನಲ್ಲಿ ಈಗ ಎರಡೂವರೆ ಎಕರೆ ಹಸಿರಾಗಿದೆ, ಮೋಟಾರು ಓಡುವುದು ಅದೇ 7 ಗಂಟೆ. ಅಕ್ಕಪಕ್ಕದವರದ್ದೂ ಹಾಗೇ. 10 ಎಚ್‌ಪಿವರೆಗೆ ಕರೆಂಟಿಗೆ ಬಿಲ್ಲಿಲ್ಲ, ಉಳಿದ ನೀರಿಗೆ ಬೀಳು ಬಿದ್ದಿದ್ದ ತುಂಡನ್ನೂ ಹಸನು ಮಾಡುತ್ತೇವೆ. ಹೊಟ್ಟೆಪಾಡಿನ ರೈತ ಬೇರೆ ಏನು ಮಾಡಿಯಾನು? ಇದರಿಂದ ನಮ್ಮ ಆದಾಯ ಏರಿದೆ, ಮಕ್ಕಳು ಓದುತ್ತಿದ್ದಾರೆ, ಅದು ಸಣ್ಣ ವಿಷಯವಲ್ಲ. ಆದರೆ ಡ್ರಿಪ್ ಹಾಕಿದರೆ ಅಂತರ್ಜಲ ಏರುತ್ತದೆ ಎಂದು ಭಾಷಣದಲ್ಲಿ ಹೇಳುವುದನ್ನು ನಾನು ಒಪ್ಪಲಾರೆ. ಕೋಲಾರದ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲೇ ಇವೆ. ನಮ್ಮ ಸುತ್ತ ಬೋರಿನ ನೀರು ಏರಿದ್ದು ನಾನು ಕಂಡದ್ದು ಕೆರೆ ತುಂಬಿದಾಗ. 2018ರಲ್ಲಿ ಕೆ.ಸಿ. ವ್ಯಾಲಿಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದು, ನರಸಾಪುರದ ಕಡೆ ಹರಿದ ಮೇಲೆ ಬತ್ತಿದ್ದ ಬೋರ್‌ಗಳಲ್ಲೂ ನೀರು ಕಂಡಿತು. ಅದು ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತ ಶುದ್ಧೀಕರಿಸಿ ಬಿಟ್ಟದ್ದು, ಮೂರನೇ ಹಂತವೂ ಆಗಬೇಕೆಂಬ ಬೇಡಿಕೆ ನಮ್ಮ ಜಿಲ್ಲೆಯವರದ್ದು, ನನ್ನದೂ.

ಹಾಗಾಗಿ ಎರಡನೇ ಸಲ ಸಬ್ಸಿಡಿ ಕೊಡುವಾಗ ಸರ್ಕಾರ ಒಂದು ಷರತ್ತು ಹಾಕಲಿ: ಬೋರಿನ ಪಕ್ಕ ಇಂಗುಗುಂಡಿ ಇರಬೇಕು. ಅದಕ್ಕೂ ಅದೇ ಶೇ 90 ಕೊಡಲಿ, ಫೋಟೊ ತೆಗೆಯಲು ಬಂದವರು ಅದರದ್ದೂ ಒಂದು ಫೋಟೊ ತೆಗೆಯಲಿ. ನಾವು ಕಾಯದೆ ತೋಡಿಸಿದ್ದೇವೆ, ಮುಂಗಾರಿನಲ್ಲಿ ಹೊಲದ ನೀರು ಜಲ್ಲಿ ಮರಳಿನ ಮೂಲಕ ಇಳಿಯುತ್ತದೆ.

ನಮ್ಮ ಹೊಸ ಅರ್ಜಿಗೆ ಈಗ ಕೊಟೇಶನ್ ಕೇಳಿದ್ದೇವೆ, ಬೇರೆ ಡೀಲರ್ ಹತ್ತಿರ. ಕೇಳಿರುವುದು ಇಷ್ಟು: ಗಂಟೆಗೆ 2 ಲೀಟರಿನ ಡ್ರಿಪ್ಪರ್, ಮೇ ತಿಂಗಳ ಡ್ರಮ್ ಲೆಕ್ಕಕ್ಕೆ ಹೊಂದುವ ವಾಲ್ವ್‌ಗಳು, ಡಿಸ್ಕ್ ಫಿಲ್ಟರ್, ಅದರ ಎರಡೂ ಬದಿಗೆ ಗೇಜ್, ಪ್ರತಿ ಸಬ್‌ಮೇನ್ ತುದಿಗೆ ಫ್ಲಶ್ ವಾಲ್ವ್, ಆಸಿಡ್ ಬಿಡಲು ವೆಂಚುರಿ. ಹಳೇ ಮೇನ್ ಲೈನ್ ಗಟ್ಟಿ ಇದೆ, ಅದನ್ನು ಕೀಳುವುದು ಬೇಡ ಎಂದಿದ್ದೇವೆ. ಮೊದಲ ಎರಡು ವರ್ಷ ಬೇಸಿಗೆಗೆ ಮುಂಚೆ ಒಂದು ಸಲ ಬಂದು ನೋಡುತ್ತೇನೆ ಎಂದು ಬರೆದು ಸಹಿ ಹಾಕಿಕೊಡಿ ಎಂದು ಅತ್ತೆ ಕೇಳಿದ್ದಾರೆ. ಸಹಿ ಬಿದ್ದ ಮೇಲೇ ಒಪ್ಪಿಗೆ ಪತ್ರ ಕೊಡುವುದು.